ಹಸಿವಾಗಲು ಪುರುಸೊತ್ತೇ ಇಲ್ಲದ ಮಗು

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಅತ್ತೆ ಮಾವ ಎಲ್ಲರೂ ಇರುವ ಮನೆ. ಮಗಳಿಗೆ ಎರಡು ವರ್ಷ ಎಂಟು ತಿಂಗಳು. ತೂಕ 11 ಕಿಲೋ 200 ಗ್ರಾಂ, ಕಳೆದ ಆರು ತಿಂಗಳಲ್ಲಿ 800 ಗ್ರಾಂ ಏರಿದೆ. ಊಟ ಅಂದರೆ ಬಾಯಿ ಬಿಗಿಹಿಡಿಯುತ್ತಾಳೆ. ಮೊಬೈಲ್ ಹಚ್ಚಿಕೊಟ್ಟರೆ ಮಿಕ್ಸಿಗೆ ಹಾಕಿದ ಅನ್ನ-ಸಾರು ಒಂದಷ್ಟು ಒಳಗೆ ಹೋಗುತ್ತದೆ, ಅದಕ್ಕೂ ಒಂದು ತಾಸು ಬೇಕು. ಉಣ್ಣಲಿಲ್ಲವಲ್ಲ ಅಂತ ಪ್ಯಾಕೆಟ್ ಹಾಲನ್ನು ಬಾಟಲಿಯಲ್ಲಿ ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 300 ಮಿಲಿ, ಎರಡೆರಡು ಚಮಚ ಸಕ್ಕರೆ ಹಾಕಿ ಕೊಡುತ್ತೇನೆ. ಅತ್ತೆ ತಮ್ಮ ಚಹಾದ ಜೊತೆ ಐದಾರು ಬಿಸ್ಕತ್ತು ಅದ್ದಿ ತಿನ್ನಿಸುತ್ತಾರೆ. ಸಂಜೆ ಮಾವ ಅಂಗಡಿಗೆ ಕರೆದುಕೊಂಡು ಹೋದರೆ ಒಂದು ಚಿಪ್ಸ್ ಪ್ಯಾಕೆಟ್ ಖಾಯಂ. ಮಲಬದ್ಧತೆ ಇದೆ. ಇತ್ತೀಚೆಗೆ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾಳೆ. ಹಸಿವಿನ ಟಾನಿಕ್ ಕೊಡಬಹುದೇ? ಹಿರಿಯರಿಗೆ ಹೇಳಲು ಹೋದರೆ ಮನಸ್ತಾಪವಾಗುತ್ತದೆ. ರಜೆಗೆ ಜಗಳೂರಿನ ತವರಿಗೆ ಹೋದಾಗಲೂ ಇದೇ ಕಥೆ.

ಉತ್ತರ: ನೀವು ಬರೆದಿರುವುದನ್ನೇ ಮೊದಲು ಕೂಡಿಸಿ ನೋಡೋಣ. ಟೋನ್ಡ್ ಹಾಲಿನ 100 ಮಿಲಿಯಲ್ಲಿ ಸುಮಾರು 58 ಕ್ಯಾಲೊರಿ ಇರುತ್ತದೆ. 900 ಮಿಲಿಗೆ 520 ಆಯಿತು. ಆರು ಚಮಚ ಸಕ್ಕರೆ ಅಂದರೆ 30 ಗ್ರಾಂ, ಅದರಿಂದ 120. ಆರು ಗ್ಲೂಕೋಸ್ ಬಿಸ್ಕತ್ತಿಗೆ ಹತ್ತಿರ ಹತ್ತಿರ 130. ಸಣ್ಣ ಚಿಪ್ಸ್ ಪ್ಯಾಕೆಟ್ಟಿಗೆ ಇನ್ನೊಂದು 130. ಒಟ್ಟು 900. ಈ ತೂಕದ ಮಗುವಿಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ 1000. ಉಳಿದ ನೂರಕ್ಕೆ ಅರ್ಧ ಸಣ್ಣ ಬಟ್ಟಲು ಅನ್ನ ಸಾಕು, ಅದನ್ನು ನೀವು ಮೊಬೈಲ್ ತೋರಿಸಿ ಹೇಗೋ ತುಂಬುತ್ತಿದ್ದೀರಿ. ನಿಮ್ಮ ಮಗಳು ದಿನವೂ ಹೊಟ್ಟೆ ತುಂಬಾ ಉಣ್ಣುತ್ತಿದ್ದಾಳೆ. ಮನೆಯಲ್ಲಿ ಯಾರೂ ಅದನ್ನು ಊಟದ ಲೆಕ್ಕಕ್ಕೆ ಹಿಡಿಯುತ್ತಿಲ್ಲ, ಅಷ್ಟೇ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಆಕೆಗೆ ಹಸಿವಾಗಲು ಪುರುಸೊತ್ತೇ ಸಿಗುತ್ತಿಲ್ಲ.

ತೂಕದ ಬಗ್ಗೆ ಗಾಬರಿ ಬೇಡ. ಅಂಗನವಾಡಿಯ ಬೆಳವಣಿಗೆ ನಕ್ಷೆಯಲ್ಲಿ ಇದು ಹಸಿರು ಭಾಗದೊಳಗೇ ಬರುತ್ತದೆ, ಕೆಳಗಿನ ಅರ್ಧದಲ್ಲಿ. ಎರಡು ವರ್ಷ ದಾಟಿದ ಮಕ್ಕಳು ವರ್ಷಕ್ಕೆ ಸುಮಾರು 2 ಕಿಲೋ ಏರುತ್ತಾರೆ. ಆರು ತಿಂಗಳಿಗೆ 800 ಗ್ರಾಂ ತುಸು ಕಡಿಮೆ, ಆದರೆ ಬೆಳವಣಿಗೆ ನಿಂತಿಲ್ಲ. ಮೊದಲ ವರ್ಷದಲ್ಲಿ ಮಗು ಹುಟ್ಟಿದ ತೂಕದ ಮೂರು ಪಟ್ಟಾಗುತ್ತದೆ, ಆಮೇಲೆ ಆ ವೇಗ ಇಳಿಯುತ್ತದೆ, ವೇಗದ ಜೊತೆ ಹಸಿವೂ ಇಳಿಯುತ್ತದೆ. ಮನೆಯವರು ಹೆದರುವುದು ಸರಿಯಾಗಿ ಇದೇ ಹೊತ್ತಿಗೆ. ‘ಮೊದಲು ಎಷ್ಟು ಚೆನ್ನಾಗಿ ತಿಂತಿತ್ತು, ಯಾರದೋ ದೃಷ್ಟಿ ಆಯ್ತು’ ಎನ್ನುತ್ತಾರೆ. ಇಳಿದ ಹಸಿವಿಗೆ ಪರಿಹಾರ ಅಂತ ಹಾಲು ಏರುತ್ತದೆ, ಏರಿದ ಹಾಲು ಉಳಿದ ಹಸಿವನ್ನೂ ತಿಂದುಹಾಕುತ್ತದೆ.

ನಿಮ್ಮ ಪತ್ರದಲ್ಲಿ ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಸಾಲು ಸುಣ್ಣದ್ದು. ಸುಣ್ಣ, ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಮಗುವಿಗೆ ಕ್ಯಾಲ್ಸಿಯಂ ಕಡಿಮೆ ಎಂದು ನಮ್ಮ ಕಡೆ ಹೇಳುವುದುಂಟು. ಬಹಳ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು. ಈ ವಯಸ್ಸಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 900 ಮಿಲಿ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ ಮತ್ತು ಚಹಾದ ಒಗರು ಎರಡೂ ಅನ್ನ-ಬೇಳೆಯಿಂದ ಬರುವ ಅಷ್ಟಿಷ್ಟು ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತವೆ. ರಕ್ತ ಕಡಿಮೆಯಾದ ಮಗುವಿಗೆ ಹಸಿವು ಇನ್ನೂ ಕುಗ್ಗುತ್ತದೆ. ಮಲಬದ್ಧತೆಯೂ ಬಹುಪಾಲು ಹಾಲಿನ ಕಾಣಿಕೆಯೇ. ಹೊಟ್ಟೆ ಕಟ್ಟಿಕೊಂಡರೆ ಉಣ್ಣಲು ಮನಸ್ಸಾಗುವುದಿಲ್ಲ.

ಆದ್ದರಿಂದ ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಅದು 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ಇದು ಕಂಡುಬಂದಿತ್ತು, ಹಾಗಾಗಿ ವರದಿಯಲ್ಲಿ 9 ಅಥವಾ 10 ಬಂದರೆ ಆಶ್ಚರ್ಯ ಬೇಡ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ ಮೂಲಕ ಸಿಗುವ ಕಬ್ಬಿಣದ ಸಿರಪ್, ವಾರಕ್ಕೆ ಎರಡು ಸಲ 1 ಮಿಲಿ, ಕೊರತೆ ಬಾರದಂತೆ ಕೊಡುವಂಥದ್ದು. ಆಗಲೇ ಕೊರತೆಯಿದ್ದರೆ ತೂಕ ನೋಡಿ ದಿನದ ಪ್ರಮಾಣವನ್ನು ವೈದ್ಯರೇ ಬರೆಯಬೇಕು. ಆ ಸಿರಪ್ಪನ್ನು ಹಾಲಿನ ಜೊತೆ ಕೊಟ್ಟರೆ ಅರ್ಧ ವ್ಯರ್ಥ. ಊಟಗಳ ನಡುವೆ, ನಿಂಬೆ ನೀರಿನ ಜೊತೆ ಕೊಡಿ. ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ನೀರು ಕುಡಿಸಿದರೆ ಹಲ್ಲಿಗೆ ಕಲೆ ಹಿಡಿಯುವುದಿಲ್ಲ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಒಂದು ವಾರ ಕೊಟ್ಟು ‘ಈಗ ಪರವಾಗಿಲ್ಲ’ ಎಂದು ಬಿಡುವವರೇ ಹೆಚ್ಚು, ತಿಂಗಳುಗಟ್ಟಲೆ ಬೇಕಾಗುತ್ತದೆ. ಜಂತುಹುಳದ ಮಾತ್ರೆ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಸಿಗುತ್ತದೆ, ತಪ್ಪಿಸಬೇಡಿ. ಕೆರೆಯುವ ಗೋಡೆಗೆ ಹಳೆಯ ಪೇಂಟ್ ಇದ್ದರೆ ಸೀಸದ ಅಪಾಯವೂ ಉಂಟು, ಆ ಜಾಗಕ್ಕೆ ಮಂಚವನ್ನೋ ಕಪಾಟನ್ನೋ ಅಡ್ಡ ಸರಿಸಿ.

ಇನ್ನು ಹಾಲು. 900ರಿಂದ 400 ಮಿಲಿಗೆ ಇಳಿಯಬೇಕು. ಮಜ್ಜಿಗೆ, ಮೊಸರೂ ಈ ಲೆಕ್ಕದೊಳಗೇ. ಒಂದೇ ದಿನಕ್ಕೆ ಕಿತ್ತುಕೊಂಡರೆ ಮನೆಯೇ ರಣರಂಗವಾಗುತ್ತದೆ, ಮೂರನೇ ರಾತ್ರಿಗೆ ಯಾರಾದರೂ ಸೋತು ಬಾಟಲಿ ಕೊಟ್ಟೇಬಿಡುತ್ತಾರೆ. ಹತ್ತು ದಿನ ಹಿಡಿಯಿರಿ. ಮೊದಲು ಸಕ್ಕರೆ: ಎರಡು ಚಮಚ ಒಂದೂವರೆ, ಒಂದು, ಅರ್ಧ ಆಗಿ ನಿಲ್ಲಲಿ. ಆಮೇಲೆ ಪ್ರತಿ ಸಲದ ಅಳತೆಯನ್ನು ಎರಡು ದಿನಕ್ಕೊಮ್ಮೆ 30-40 ಮಿಲಿಯಂತೆ ಇಳಿಸಿ. ಹಗಲಿನ ಹಾಲು ಲೋಟಕ್ಕೆ ಬರಲಿ. ರಾತ್ರಿ ಮಲಗುವಾಗಿನ ಬಾಟಲಿಗೆ ಮಾತ್ರ ದಿನದಿನಕ್ಕೆ ಕಾಯಿಸಿ ಆರಿಸಿದ ನೀರು ಹೆಚ್ಚು ಮಾಡುತ್ತಾ ಬನ್ನಿ. ಬರೀ ನೀರಾದ ಮೇಲೆ ಬಾಟಲಿಯ ಮೋಹ ತಾನಾಗಿ ಬಿಡುತ್ತದೆ. ಬಾಯಲ್ಲಿ ಹಾಲು ಇಟ್ಟುಕೊಂಡು ನಿದ್ದೆ ಹೋಗುವ ಮಕ್ಕಳ ಮೇಲಿನ ಮುಂಭಾಗದ ಹಲ್ಲುಗಳೇ ಮೊದಲು ಹುಳುಕಾಗುವುದು.

ಹಾಲು ಇಳಿದ ಜಾಗಕ್ಕೆ ಊಟ ಬರಬೇಕಾದರೆ ಊಟಕ್ಕೆ ಹೊತ್ತು ಗೊತ್ತಿರಬೇಕು. ಬೆಳಗ್ಗೆ ಎದ್ದ ತಕ್ಷಣ ಹಾಲು ಬೇಡ; ಎಂಟೂವರೆಗೆ ತಿಂಡಿ, ಅದರ ಜೊತೆ ಅರ್ಧ ಲೋಟ ಹಾಲು. ಹನ್ನೊಂದಕ್ಕೆ ಒಂದು ಹಣ್ಣು. ಒಂದು ಗಂಟೆಗೆ ಊಟ, ನಾಲ್ಕಕ್ಕೆ ತಿನಿಸು, ಏಳೂವರೆಗೆ ರಾತ್ರಿ ಊಟ. ನಡುವಿನ ಎರಡರಿಂದ ಮೂರೂವರೆ ತಾಸಿನಲ್ಲಿ ನೀರು ಬಿಟ್ಟು ಬೇರೇನೂ ಇಲ್ಲ. ‘ಏನೂ ಇಲ್ಲ’ ಎಂದರೆ ನಿಜಕ್ಕೂ ಏನೂ ಇಲ್ಲ: ಅಡುಗೆಮನೆಗೆ ಬಂದಾಗ ಕೈಗಿಟ್ಟ ಒಂದು ಹಿಡಿ ಖಾರಾಬೂಂದಿ, ಪಕ್ಕದ ಮನೆಯವರು ಕೊಟ್ಟ ಚಾಕೊಲೇಟ್, ಅಳು ನಿಲ್ಲಿಸಲು ಕೊಟ್ಟ ಒಂದೇ ಒಂದು ಬಿಸ್ಕತ್ತು, ಎಲ್ಲ ಸೇರಿ. ಬಹುತೇಕ ಮನೆಗಳಲ್ಲಿ ವೇಳಾಪಟ್ಟಿ ಮುರಿಯುವುದು ಇಲ್ಲಿಯೇ. ದೊಡ್ಡವರಿಗೆ ಎರಡು ಬಿಸ್ಕತ್ತು ಲೆಕ್ಕಕ್ಕಿಲ್ಲ, 11 ಕಿಲೋ ಮಗುವಿಗೆ ಅದು ಮುಂದಿನ ಊಟದ ಒಂದು ಪಾಲಿನ ಹಸಿವು.

ಇದಕ್ಕೊಂದು ನಿಯಮ ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ಏನು, ಯಾವಾಗ, ಎಲ್ಲಿ ಕೂತು ಉಣ್ಣಬೇಕೆಂಬುದನ್ನು ದೊಡ್ಡವರು ತೀರ್ಮಾನಿಸುತ್ತಾರೆ. ಉಣ್ಣಬೇಕೋ ಬೇಡವೋ, ಎಷ್ಟು ಉಣ್ಣಬೇಕು ಎಂಬುದನ್ನು ಮಗು ತೀರ್ಮಾನಿಸುತ್ತದೆ. ಈಗ ನಿಮ್ಮಲ್ಲಿ ಇದು ಪೂರ್ತಿ ತಲೆಕೆಳಗು: ಏನು ಬೇಕೆಂದು ಮಗು ಹೇಳುತ್ತಿದೆ, ಎಷ್ಟು ತಿನ್ನಬೇಕೆಂದು ನೀವು ಹೇಳುತ್ತಿದ್ದೀರಿ. ತಟ್ಟೆಗೆ ಹಾಕುವಾಗ ವಯಸ್ಸಿನ ವರ್ಷಕ್ಕೊಂದು ದೊಡ್ಡ ಚಮಚ ಎಂಬ ಅಳತೆ ಇಟ್ಟುಕೊಳ್ಳಿ. ಅಂದರೆ ಅನ್ನ ಎರಡು-ಮೂರು ಚಮಚ, ಬೇಳೆ ಎರಡು, ಪಲ್ಯ ಎರಡು. ಕೇಳಿದರೆ ಇನ್ನಷ್ಟು. ಬಟ್ಟಲು ತುಂಬಿಸಿ ಎದುರಿಗಿಟ್ಟರೆ ನೋಡಿಯೇ ಬೇಡವಾಗುತ್ತದೆ. 25-30 ನಿಮಿಷವಾದ ಮೇಲೆ ತಟ್ಟೆ ಎತ್ತಿಬಿಡಿ, ಬೈಯದೆ, ಮುಖ ಸಣ್ಣ ಮಾಡಿಕೊಳ್ಳದೆ. ಮುಂದಿನ ಹೊತ್ತಿನವರೆಗೆ ಬದಲಿ ಹಾಲು ಇಲ್ಲ. ಒಂದು ಹೊತ್ತು ಬಿಟ್ಟರೆ ಹಸಿರು ಭಾಗದಲ್ಲಿರುವ ಮಗುವಿಗೆ ಏನೂ ಆಗದು. ಜ್ವರ, ಭೇದಿ ಇದ್ದ ದಿನಗಳಿಗೆ ಈ ಬಿಗಿ ಬೇಡ.

‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ಲಂಚ ಎಲ್ಲ ಮನೆಯಲ್ಲೂ ಇದೆ. ಅದರಿಂದ ಮಗು ಕಲಿಯುವುದು ಒಂದೇ: ಪಲ್ಯ ಕೆಟ್ಟದ್ದು, ಅದಕ್ಕೇ ಸಂಬಳ ಕೊಡುತ್ತಿದ್ದಾರೆ.

ಮೊಬೈಲನ್ನು ಒಂದು ಹೊತ್ತಿನಿಂದ ಬಿಡಿಸಿ, ಮೂರೂ ಹೊತ್ತು ಒಟ್ಟಿಗೆ ಬೇಡ. ಹಸಿವು ಚೆನ್ನಾಗಿರುವ ಬೆಳಗಿನ ತಿಂಡಿಯಿಂದ ಶುರು ಮಾಡಿ; ಅದು ಒಂದು ವಾರ ನಿಂತ ಮೇಲೆ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದ್ದು. ಮೊದಲ ಮೂರ್ನಾಲ್ಕು ದಿನ ತಿನ್ನುವುದು ಖಂಡಿತ ಕಡಿಮೆಯಾಗುತ್ತದೆ. ನಾಲ್ಕನೇ ದಿನ ಸೋತು ಫೋನ್ ಕೊಟ್ಟರೆ, ನಾಲ್ಕು ದಿನ ಹಟ ಹಿಡಿದರೆ ಸಿಗುತ್ತದೆ ಎಂಬ ಪಾಠವನ್ನು ನೀವೇ ಕಲಿಸಿದಂತೆ. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಬಾಯೊಳಗೆ ಏನು ಬಂತೆಂಬುದೂ ತಿಳಿಯದು, ಹೊಟ್ಟೆ ತುಂಬಿದ್ದೂ ತಿಳಿಯದು. ಅಲ್ಲಿ ನುಂಗುವ ಕೆಲಸ ನಡೆಯುತ್ತದೆ, ರುಚಿ ಬೆಳೆಯುವುದಿಲ್ಲ. ದೊಡ್ಡವರ ಫೋನೂ ಆ ಹೊತ್ತು ಒಳಕೋಣೆಯಲ್ಲಿರಲಿ, ಇಲ್ಲದಿದ್ದರೆ ಈ ಪ್ರಯತ್ನವೇ ದಂಡ.

ಮಿಕ್ಸಿಯನ್ನೂ ಬಿಡಿಸಬೇಕು. ಒಂಬತ್ತು-ಹತ್ತು ತಿಂಗಳಿಗೇ ಗಂಟುಗಂಟಾದ ಆಹಾರ ಅಭ್ಯಾಸವಾಗದ ಮಕ್ಕಳು ಆಮೇಲೆ ಅಗಿಯಲು ಸತಾಯಿಸುತ್ತಾರೆ, ಕೆನ್ನೆಯಲ್ಲಿ ತುತ್ತು ಇಟ್ಟುಕೊಂಡು ಕೂರುತ್ತಾರೆ. ಒಂದು ವಾರ ಮಿಕ್ಸಿಯನ್ನು ಎರಡೇ ಸುತ್ತು ತಿರುಗಿಸಿ. ಮುಂದಿನ ವಾರ ಕೈಯಲ್ಲೇ ಮೆತ್ತಗೆ ಕಿವುಚಿ. ಮೂರನೇ ವಾರ ಮೆತ್ತನೆಯ ಅನ್ನ ಹಾಗೆಯೇ. ಇದರ ಜೊತೆ ಆಕೆಯೇ ಕೈಯಲ್ಲಿ ಹಿಡಿದು ಕಚ್ಚುವಂಥದ್ದು ಒಂದಿರಲಿ: ಬೇಯಿಸಿದ ಗಜ್ಜರಿ ತುಂಡು, ಪಡ್ಡು, ಬೆಣ್ಣೆ ಸವರಿದ ಬಿಸಿ ರೊಟ್ಟಿಯ ಚೂರು. ಚೆಲ್ಲುತ್ತಾಳೆ. ಕೆಳಗೊಂದು ಹಳೆಯ ಪಂಚೆ ಹಾಸಿ.

ಈಗ ಅತ್ತೆ-ಮಾವನ ವಿಷಯ. ನಿಮ್ಮ ಮಾತಿಗಿಂತ ರಕ್ತ ಪರೀಕ್ಷೆಯ ವರದಿ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ವೈದ್ಯರ ಬಳಿ ಅವರನ್ನೂ ಕರೆದೊಯ್ದು ಅವರ ಎದುರೇ ಕೇಳಿ. ಅಜ್ಜಿಗೆ ಬೇಕಾಗಿರುವುದು ಮೊಮ್ಮಗಳ ಕೈಗೆ ಏನಾದರೂ ಇಡುವ ಖುಷಿ, ಅದು ಬಿಸ್ಕತ್ತೇ ಆಗಬೇಕೆಂದಿಲ್ಲ. ಆ ಖುಷಿಯನ್ನು ಕಸಿದರೆ ಅದು ಕದ್ದು ಕೊಡುವ ಬಿಸ್ಕತ್ತಾಗಿ ತಿರುಗುತ್ತದೆ. ನಾಲ್ಕು ಗಂಟೆಯ ತಿನಿಸನ್ನು ಪೂರ್ತಿ ಅವರಿಗೇ ವಹಿಸಿ. ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಪುಟಾಣಿ (ಹುರಿಗಡಲೆ) 100 ಗ್ರಾಂ, ಎರಡನ್ನೂ ನುಣ್ಣಗೆ ಪುಡಿ ಮಾಡಿ, 80 ಗ್ರಾಂ ಬೆಲ್ಲ, ಎರಡು ಚಮಚ ತುಪ್ಪ ಸೇರಿಸಿ ಕಟ್ಟಿದರೆ ಇಪ್ಪತ್ತು ಪುಟ್ಟ ಉಂಡೆ ಆಗುತ್ತವೆ. ಒಂದೊಂದರಲ್ಲಿ ಸುಮಾರು 65 ಕ್ಯಾಲೊರಿ, 2 ಗ್ರಾಂ ಪ್ರೋಟೀನ್. ದಿನಕ್ಕೆ ಎರಡು ಸಾಕು. ಚಹಾದ ಹೊತ್ತಿಗೆ ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಆ ದಿನದ ಪಾಲಿನ ಹಾಲು ಬೆರೆಸಿ ಪುಟ್ಟ ಲೋಟದಲ್ಲಿ ಕೊಟ್ಟರೆ ಅಜ್ಜಿಯ ಪಕ್ಕ ಕೂತು ಕುಡಿಯುವ ಸಡಗರವೂ ಉಳಿಯುತ್ತದೆ. ಮಾವನವರು ಅಂಗಡಿಗೆ ಕರೆದೊಯ್ಯುವುದನ್ನು ನಿಲ್ಲಿಸಬೇಕಿಲ್ಲ. ಏಲಕ್ಕಿ ಬಾಳೆಯೋ ಪೇರಲೆಯೋ ಮಗುವೇ ಆರಿಸಿ ತರಲಿ. ಚಿಪ್ಸ್ ವಾರಕ್ಕೊಂದು ದಿನ, ಮನೆಗೆ ತಂದು, ಬಟ್ಟಲಿಗೆ ಸುರಿದು, ಎಲ್ಲರ ಜೊತೆ. ಪೂರ್ತಿ ನಿಷೇಧಿಸಿದ ತಿನಿಸಿನ ಮೇಲೆ ಆಸೆ ಇನ್ನೂ ಬೆಳೆಯುತ್ತದೆ.

ನಿಮ್ಮ ಪತ್ರದಲ್ಲಿ ಮಗುವಿನ ಅಪ್ಪನ ಹೆಸರೇ ಇಲ್ಲ. ಸಾರಿನಿಂದ ಸೊಪ್ಪು, ಕರಿಬೇವು ತೆಗೆದು ತಟ್ಟೆಯ ಅಂಚಿಗಿಡುವ ಅಪ್ಪನನ್ನು ನೋಡಿದ ಮಗು ಸೊಪ್ಪು ತಿನ್ನುವುದಿಲ್ಲ. ದಿನಕ್ಕೆ ಒಂದು ಹೊತ್ತಾದರೂ ಮಗು ಎಲ್ಲರ ಸಾಲಿನಲ್ಲಿ ಕೂತು, ಅದೇ ಅಡುಗೆ ಉಣ್ಣಬೇಕು. ರಾತ್ರಿ ಅಪ್ಪ ಬರುವುದು ತಡವಾದರೆ ಬೆಳಗಿನ ತಿಂಡಿಯನ್ನೇ ಆ ಹೊತ್ತಾಗಿಸಿ. ಹೊಸ ಕಾಯಿಪಲ್ಯವನ್ನು ಮಗು ಒಪ್ಪಲು ಎಂಟರಿಂದ ಹದಿನೈದು ಸಲ ತಟ್ಟೆಗೆ ಬರಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ ‘ಇವಳಿಗೆ ಸೇರಲ್ಲ’ ಎಂದು ಮುದ್ರೆ ಒತ್ತಿಬಿಡುತ್ತೇವೆ, ಅದೂ ಅವಳ ಕಿವಿಗೆ ಬೀಳುವಂತೆ. ಒಂದೇ ಒಂದು ಚಮಚ, ಅವಳಿಗೆ ಇಷ್ಟವಾದದ್ದರ ಪಕ್ಕದಲ್ಲಿ, ಒತ್ತಾಯವಿಲ್ಲದೆ ಇಡುತ್ತಾ ಹೋಗಿ.

ತಟ್ಟೆಯಲ್ಲಿ ಏನಿರಬೇಕು? ನಮ್ಮ ಸೀಮೆಯ ಅಡುಗೆ ಇದಕ್ಕೆ ಧಾರಾಳವಾಗಿ ಸಾಕು, ಮಗುವಿಗೆ ಬಡಿಸುವ ರೀತಿಯಲ್ಲಿ ಎಡವುತ್ತೇವೆ. ಮೇಲಿನ ತಿಳಿ ಸಾರು ಹಾಕಿ ಅನ್ನ ಕಲಸುವುದು ಮೊದಲ ತಪ್ಪು. ಬೇಳೆ ತಳದಲ್ಲೇ ಉಳಿಯುತ್ತದೆ. ಖಾರದಪುಡಿ ಹಾಕುವ ಮುಂಚೆ ಒಂದು ಸೌಟು ಗಟ್ಟಿ ಬೇಳೆ-ಸೊಪ್ಪನ್ನು ಬೇರೆ ತೆಗೆದು, ಉಪ್ಪು ಕಡಿಮೆ ಮಾಡಿ, ಒಂದು ಚಮಚ ತುಪ್ಪ ಅಥವಾ ಬೆಣ್ಣೆ ಬೆರೆಸಿ. ಖಾರಕ್ಕೆ ಹೆದರಿ ಊಟ ಬಿಡುವ ಮಕ್ಕಳು ಇಲ್ಲಿ ಕಡಿಮೆಯೇನಲ್ಲ. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಬಹುದು, ಹಾಲಿನಲ್ಲಿ ನೆನೆಸಿದರೆ ಆ ಹಾಲನ್ನೂ 400ರ ಲೆಕ್ಕಕ್ಕೆ ಹಿಡಿಯಿರಿ. ಹೆಸರುಕಾಳು, ಮಡಿಕೆಕಾಳು ಮೊಳಕೆ ಬರಿಸಿ ಮೆತ್ತಗೆ ಬೇಯಿಸಿ ನಿಂಬೆ ಹಿಂಡಿದರೆ ಅದರ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಪೇರಲೆ, ನೆಲ್ಲಿಕಾಯಿಗೂ ಅದೇ ಗುಣ. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು, 6 ಗ್ರಾಂ ಪ್ರೋಟೀನ್ ಅಲ್ಲೇ ಬಂತು. ತಿನ್ನದ ಮನೆಯಲ್ಲಿ ಕಾಳು ಮತ್ತು ಶೇಂಗಾ ಪುಡಿ ದಿನವೂ ತಪ್ಪದಿರಲಿ.

ರಾಗಿಯ ಬಗ್ಗೆ ಒಂದು ಮಾತು, ಏಕೆಂದರೆ ಅದಕ್ಕೆ ನಾವು ಹೊರಿಸುವ ಭಾರ ದೊಡ್ಡದು. ಅದರ ದೊಡ್ಡ ಗುಣ ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ 4-5 ಮಿಲಿಗ್ರಾಂ ಮಾತ್ರ, ಅದರಲ್ಲೂ ದೇಹಕ್ಕೆ ಸೇರುವುದು ಸ್ವಲ್ಪ. ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು, ಮೇಲೆ ಮೂರು ಚಮಚ ಸಕ್ಕರೆ ಹಾಕಿದ ಮಾಲ್ಟ್ ಎಂದರೆ ಬಣ್ಣದ ಸಕ್ಕರೆ ನೀರು. 200 ಮಿಲಿಗೆ ಮೂರು ದೊಡ್ಡ ಚಮಚ ಹಿಟ್ಟು ಬೇಕು. ಅಷ್ಟು ಹಾಕಿದರೆ ಗಟ್ಟಿಯಾಗಿ ಮಗು ನುಂಗುವುದಿಲ್ಲ ಎನ್ನುವವರಿಗೆ ಮೊಳಕೆ ರಾಗಿಯೇ ದಾರಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಬಿಡಿ. ಬಿಳಿ ಮೊಳಕೆ ಕಂಡ ಮೇಲೆ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟು ಮಾತ್ರ ಹುರಿದು ಬೀಸಿಸಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ರಾಗಿ ಸರಿ (ಗಂಜಿ) ತೆಳ್ಳಗೇ ಇರುತ್ತದೆ. ಕೆಂಪಗೆ ಹುರಿದರೆ ಆ ಕಿಣ್ವ ಸತ್ತು ಮೊಳಕೆ ಬರಿಸಿದ ಶ್ರಮದ ಅರ್ಧ ನೀರುಪಾಲು.

ಶೇಂಗಾ ಇಡಿಯಾಗಿ ಐದು ವರ್ಷದವರೆಗೆ ಬೇಡವೇ ಬೇಡ. ಶ್ವಾಸನಾಳಕ್ಕೆ ಇಳಿದು ಮಕ್ಕಳನ್ನು ಆಪರೇಷನ್ ಕೋಣೆಗೆ ತರುವ ವಸ್ತುಗಳಲ್ಲಿ ಶೇಂಗಾ ಬೀಜ ಮುಂಚೂಣಿಯಲ್ಲಿದೆ. ಕಹಿಯಾದ, ಮುರುಟಿದ, ಬೂಷ್ಟು ಹಿಡಿದ ಬೀಜವನ್ನು ಪುಡಿಗೂ ಹಾಕಬೇಡಿ, ಆ ಶಿಲೀಂಧ್ರದ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಸಂಜೆಯಿಲ್ಲ. ಒಣ ಮಂಡಕ್ಕಿ ಬೇಡ, ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕಿದ್ದು ಸರಿ, ಅದರೊಳಗಿನ ಶೇಂಗಾ ತೆಗೆದು, ಕೂರಿಸಿಯೇ ತಿನ್ನಿಸಿ. ಹೊಟ್ಟೆ ತುಂಬಿದಂತೆ ಕಂಡರೂ ಅದರಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಊಟದ ಬದಲಿಗೆ ಅಲ್ಲ.

ಜಗಳೂರಿನ ತವರಿನಲ್ಲಿ ನೀರಿನ ಕಡೆ ಗಮನ ಕೊಡಿ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಲ್ಲು-ಮೂಳೆ ಬೆಳೆಯುವ ವಯಸ್ಸು ಇದು. ಕುಡಿಯಲು ಮಾತ್ರವಲ್ಲ, ರಾಗಿ ಸರಿ, ಬೇಳೆ ಬೇಯಿಸಲೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ.

ಟಾನಿಕ್ ಕೇಳಿದ್ದೀರಿ. ಮೆಡಿಕಲ್ ಶಾಪ್‌ನಲ್ಲಿ ಹಸಿವಿಗೆಂದು ಕೊಡುವ ಸಿರಪ್‌ಗಳಲ್ಲಿ ಬಹಳಷ್ಟು ಸೈಪ್ರೊಹೆಪ್ಟಡಿನ್ ಇರುವಂಥವು. ಅದು ಮೂಲತಃ ಅಲರ್ಜಿಯ ಔಷಧಿ. ಮಗುವಿಗೆ ತೂಕಡಿಕೆ ತರುತ್ತದೆ, ಕೊಡುವಷ್ಟು ದಿನ ತಿನ್ನಿಸುತ್ತದೆ, ನಿಲ್ಲಿಸಿದರೆ ಮೊದಲಿನಂತೆಯೇ. 900 ಮಿಲಿ ಹಾಲು ಕುಡಿಯುವ ಮಗುವಿಗೆ ಅದನ್ನು ಕೊಡುವುದರಲ್ಲಿ ಅರ್ಥವಿಲ್ಲ. ಡಬ್ಬಿಯ ಚಾಕೊಲೇಟ್ ಪುಡಿಯೂ ಬೇಡ, ಅದರಲ್ಲಿ ಸಕ್ಕರೆಯ ಪಾಲು ದೊಡ್ಡದು.

ಮೂರು ವಾರದಲ್ಲಿ ಊಟದ ಹೊತ್ತಿಗೆ ತಾನೇ ಬಂದು ಕೂರುವಷ್ಟು ಬದಲಾವಣೆ ಕಾಣಬೇಕು. ತೂಕ ಅಷ್ಟು ಬೇಗ ಏರದು. ತಿಂಗಳಿಗೊಮ್ಮೆ, ಅಂಗನವಾಡಿಯ ಅದೇ ತೂಕದ ಯಂತ್ರದಲ್ಲಿ ನೋಡಿ. ದಿನದಿನ ತೂಗಿದರೆ ಬರೀ ಚಿಂತೆ ಬೆಳೆಯುತ್ತದೆ. ಮೂರು ತಿಂಗಳು ತೂಕ ಏರದೇ ನಿಂತರೆ ಅಥವಾ ಇಳಿದರೆ, ತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ, ನುಂಗುವಾಗ ಪ್ರತಿ ಸಲ ಕೆಮ್ಮಿದರೆ, ಭೇದಿ ಎರಡು ವಾರ ದಾಟಿದರೆ ಮಕ್ಕಳ ತಜ್ಞರನ್ನು ಕಾಣಿ. ನಾಲ್ಕೈದು ಪದಾರ್ಥ ಬಿಟ್ಟು ಬೇರೇನನ್ನೂ ಮುಟ್ಟದ ಮಗು ಮಾತಿನಲ್ಲೂ ಹಿಂದಿದ್ದು, ಹೆಸರು ಕರೆದರೆ ತಿರುಗದಿದ್ದರೆ ಅದನ್ನು ಹಟ ಎಂದು ಬಿಡಬೇಡಿ, ಬೆಳವಣಿಗೆಯ ತಪಾಸಣೆ ಬೇಕು. ತೋಳಿನ ಅಳತೆ 11.5ಕ್ಕಿಂತ ಕೆಳಗಿಳಿದರೆ ಅಥವಾ ಪಾದಗಳು ಊದಿಕೊಂಡರೆ ಮನೆಯಲ್ಲಿ ಉಪಾಯ ಹುಡುಕುತ್ತಾ ಕೂರದೆ ಅಂದೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.